ಮಡ್‌ಗಾರ್ಡು

“ಉಜ್ಜು, ಮುಂಡೇದೆ. ಮೂಗ್ ಮುಚ್ಕಂಡ್ ಕುಂತ್ರೆ ರಕ್ತ ತಾನಾಗೇ ಓಯ್ತದಾ?”

ಅರ್ಪಿತ ತೆಂಗಿನ ನಾರಿನ ಉಂಡೆಯನ್ನು ಬಕೆಟ್ಟಿಗೆ ಅದ್ದಿ ಟ್ರ್ಯಾಕ್ಟರಿನ ಬಂಪರಿಗೆ ಹಚ್ಚಿದಳು. ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಬೈದವನು ಮರಿಸ್ವಾಮಿ. ನಾಲ್ಕು ಗಂಟೆಯ ಹಿಂದೆ, ಇನ್ನೂ ಕತ್ತಲಿರುವಾಗ, ಇದೇ ಟ್ರ್ಯಾಕ್ಟರನ್ನು ನಾಗಯ್ಯನ ಮೇಲೆ ಹತ್ತಿಸಿದವನೂ ಅವನೇ. ಈಗ ಶೆಡ್ಡಿನ ಮೂಲೆಯ ಮಂಚದಲ್ಲಿ ಕೂತು, ಬೀಡಿ ಹಚ್ಚಲಾಗದೆ ಒಂದೊಂದೇ ಬೆಂಕಿಕಡ್ಡಿ ಮುರಿಯುತ್ತಿದ್ದ.

ಬಂಪರಿನ ಸಂದಿಯಲ್ಲಿ ಖಾಕಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು. ಎಷ್ಟು ಎಳೆದರೂ ಬರಲಿಲ್ಲ. ನಾಗಯ್ಯ ಊರಿನ ಗ್ರಾಮ ಸಹಾಯಕ. ಮೇಲಿನವರು ಹೇಳಿದರೆಂದು, ಶಿಂಷಾ ಹೊಳೆಯಿಂದ ಕದ್ದು ತರುವ ಮರಳಿನ ಗಾಡಿಗೆ ಊರ ಬಾಗಿಲಲ್ಲಿ ಅಡ್ಡ ನಿಂತಿದ್ದ. ಅವನ ಕೈಯಲ್ಲಿ ಟಾರ್ಚು ಬಿಟ್ಟರೆ ಏನೂ ಇರಲಿಲ್ಲ. “ಬ್ರೇಕ್ ತುಳಿಲಾ” ಎಂದು ಅರ್ಪಿತ ಕೂಗಿಕೊಂಡಿದ್ದಳು. ಮರಿಸ್ವಾಮಿ ತುಳಿದದ್ದು ಬೇರೆಯದನ್ನು.

ಹೊಳೆಯೊಳಗೆ ಓಡಿಸುವವಳು ಅರ್ಪಿತಳೇ. ತುಂಬಿದ ಟ್ರೇಲರು ಒದ್ದೆ ಮರಳಲ್ಲಿ ಕೂತುಬಿಟ್ಟರೆ ಹುಡುಗರು ರೇಸು ಕೊಟ್ಟು ಕೊಟ್ಟು ಇನ್ನಷ್ಟು ಹೂಳುತ್ತಿದ್ದರು. ಅವಳು ಸಣ್ಣ ಗೇರಿಗೆ ಹಾಕಿ, ಕೆಸರಿನಲ್ಲಿ ಮಲಗಿದ ಎಮ್ಮೆಯನ್ನು ಎಬ್ಬಿಸುವ ಹಾಗೆ ಪುಸಲಾಯಿಸಿ ದಂಡೆ ಹತ್ತಿಸುತ್ತಿದ್ದಳು. ಆದರೆ ಊರಿನ ಅರಳಿಕಟ್ಟೆ ಕಂಡ ಕೂಡಲೇ ಇಳಿಯಬೇಕು. ಸೀಟು ಮರಿಸ್ವಾಮಿಗೆ, ಮಡ್‌ಗಾರ್ಡು ಅವಳಿಗೆ. “ಎಣ್ಣೈಕ್ಳು ಸ್ಟೇರಿಂಗ್ ಇಡ್ದದ್ ಕಂಡ್ರೆ ಊರೋರು ನಮ್ಗೆ ಬಳೆ ತೊಡುಸ್ತಾರೆ” ಎನ್ನುತ್ತಿದ್ದ ಗುಂಪಿನ ಯಜಮಾನ ಲಿಂಗರಾಜು. ಗಾಡಿ ಎಲ್ಲೂ ಹೂತುಕೊಳ್ಳದೆ ಬಂದ ದಿನ ಶಭಾಷ್‌ಗಿರಿ ಮರಿಸ್ವಾಮಿಗೆ. ಬಾಡು ಬೇಯಿಸಿದ ಪಾತ್ರೆ ಬೆಳಗುವುದು ಅವಳಿಗೆ.

ಇವತ್ತೂ ಅರಳಿಕಟ್ಟೆಯ ಬಳಿ ಸೀಟಿನಿಂದ ಇಳಿದು ಮಡ್‌ಗಾರ್ಡಿಗೆ ಸರಿದಿದ್ದಳು. ನಾಗಯ್ಯ ನಿಂತಿದ್ದದ್ದು ಅಲ್ಲಿಂದ ಐವತ್ತು ಮಾರು ಮುಂದೆ.

ಅವಳ ಬಲಗೈಯಲ್ಲಿ ಒಂದು ಕೆಂಪು ದಾರವಿತ್ತು. ಎರಡು ವರ್ಷದ ಹಿಂದೆ ಮುತ್ತತ್ತಿಯ ಆಂಜನೇಯನ ಎದುರು ಲಿಂಗರಾಜು ಅದನ್ನು ಕಟ್ಟಿ, “ಇವ್ಳು ನನ್ ತಂಗಿ. ಮುಟ್ಟಿದ್ ಕೈಯ ಕತ್ತುರ್ಸಾಕ್ತೀನಿ” ಎಂದಿದ್ದ. ಹದಿನಾಲ್ಕು ಗಂಡಸರ ಗುಂಪಿನಲ್ಲಿ ಇಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಅವಳಿಗಿಂತ ಮೊದಲು ಗುಂಪಿನಲ್ಲಿದ್ದ ಶ್ವೇತಳ ಕೈಗೆ ದಾರವಿರಲಿಲ್ಲ. ಶ್ವೇತ ಈಗ ಹಗಲಲ್ಲೂ ಚಿಲಕ ಹಾಕಿಕೊಂಡು ಮನೆಯೊಳಗೇ ಇರುತ್ತಾಳೆ.

ಹೊರಗೆ ಬೈಕು ನಿಂತಿತು. ಲಿಂಗರಾಜು ಒಳಬಂದವನೇ ಮರಿಸ್ವಾಮಿಯ ಕಪಾಳಕ್ಕೆ ಬಾರಿಸಿದ.

“ನಿಮ್ಮಕ್ಕನ್ ಮಕ ನೋಡಿ ಬುಟ್ಟಿವ್ನಿ ಕಣ್ಲಾ, ಬೋಳಿಮಗ್ನೆ.”

“ಬದುಕವ್ನಾ ಬಾವ?”

“ಮಂಡ್ಯ ಆಸ್ಪತ್ರೇಲವ್ನೆ. ಸೊಂಟ ಮುರ್ದದೆ, ಗ್ಯಾನ ಇಲ್ಲ. ಪೊಲೀಸ್ನೋರ್ಗೆ ಸಂಜೆ ಒಳ್ಗೆ ಡ್ರೈವರ್ನ ತಂದ್ ಒಪ್ಪುಸ್ಬೇಕಂತೆ. ಇಲ್ದಿದ್ರೆ ಅಷ್ಟೂ ಜನನ ಎತ್ತಾಕಂಡ್ ಓಯ್ತಾರಂತೆ.”

ಲಿಂಗರಾಜು ಅರ್ಪಿತಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವಳ ಕೈಯಿಂದ ನಾರನ್ನು ತೆಗೆದುಕೊಂಡು ತಾನೇ ಬಂಪರು ಉಜ್ಜಲು ಶುರುಮಾಡಿದ. ಅವಳಿಗೆ ಭಯವಾದದ್ದು ಆಗ.

“ಉಂಡ್ಯೇನವ್ವ?”

“ಇಲ್ಲ ಕಣಣ್ಣ.”

“ಮದ್ದೂರಲ್ಲಿ ದೋಸೆ ಕೊಡುಸ್ತೀನಿ. ಅಂಗೇ ಸ್ಟೇಷನ್ಗೆ ಓಗ್ಬುಟ್ಟು, ಗಾಡಿ ನಾನೇ ಓಡುಸ್ತಿದ್ದೆ ಅಂದ್ಬುಡು. ಎಣ್ಣೆಂಗುಸ್ರಿಗೆ ಬೇಲು ಬಿರ್ನೆ ಸಿಕ್ತದಂತೆ. ಲಾಯರ್ರು ಏಳವ್ರೆ.”

ಮಂಚದ ಕಡೆಯಿಂದ ಮರಿಸ್ವಾಮಿ ಉಸಿರು ಬಿಟ್ಟದ್ದು ಕೇಳಿಸಿತು.

“ಎಣ್ಣು ಟ್ರಾಕ್ಟ್ರು ಓಡುಸ್ತು ಅಂದ್ರೆ ಯಾರಣ್ಣ ನಂಬ್ತಾರೆ?”

“ನಿನ್ನಂಗೆ ಓಡ್ಸೋ ಗಂಡ್ಸು ಈ ತಾಲೂಕಲ್ಲೇ ಇಲ್ಲ ಕಣವ್ವ. ನಂಗೊತ್ತಿಲ್ವಾ?”

ಎರಡು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

“ಓಡ್ಸಿದ್ದು ಮರಿ.”

“ಬರೋ ತಿಂಗ್ಳು ಅವನ್ ಮದ್ವೆ. ಜೈಲೊಳಿಕ್ಕೋದ್ರೆ ನಿಂತೋಯ್ತದೆ. ನೀನೋದ್ರೆ ಏನ್ ನಿಂತೋಯ್ತದೆ? ಕಾಲೋನಿ ಎಣ್ಣು, ಯಾವನ್ ಕಾಯ್ತಾ ಕುಂತವ್ನೆ?”

ಮರಿಸ್ವಾಮಿ ನಕ್ಕ. ಕಪಾಳದ ಮೇಲೆ ಬೆರಳಿನ ಗುರುತು ಇನ್ನೂ ಕೆಂಪಗಿತ್ತು.

“ನಮ್ಮವ್ವ ಕಾಯ್ತಾ ಕುಂತವ್ಳೆ.”

“ಇಂದ್ರಮ್ಮಂಗೆ ನಾನ್ ಏಳ್ತೀನಿ ಬುಡು.”

“ನಾಗಯ್ಯ ಸತ್ರೆ?”

ಲಿಂಗರಾಜು ಸಂದಿಯ ಖಾಕಿ ಚೂರನ್ನು ಒಂದೇ ಜಗ್ಗಿಗೆ ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಅವಳ ಮಣಿಕಟ್ಟು ಹಿಡಿದು ದಾರದ ಕೆಳಗೆ ತೋರುಬೆರಳು ತೂರಿಸಿದ.

“ಇದಿರೋಗಂಟ ನೀನ್ ತಂಗಿ. ಕಿತ್ತೋದ್ರೆ ನೀನೇನು ಅಂತ ಇವ್ನ್ ಏಳ್ತಾನೆ, ಕೇಳು.”

ಮರಿಸ್ವಾಮಿ ಎದ್ದು ಶೆಡ್ಡಿನ ತಗಡಿನ ಬಾಗಿಲನ್ನು ಮುಂದಕ್ಕೆ ತಳ್ಳಿ ಮುಚ್ಚಿದ. ಹೊರಗಿನ ಬಿಸಿಲು ನೆಲದ ಮೇಲೆ ಒಂದು ಗೆರೆಯಾಗಿ ಉಳಿಯಿತು.

ಲಿಂಗರಾಜು ಇನ್ನೊಂದು ಕೈಯಲ್ಲಿ ಟ್ರ್ಯಾಕ್ಟರಿನ ಕೀ ತೆಗೆದು ಅವಳ ಮುಖದ ಮುಂದೆ ಹಿಡಿದ. ದನಿ ಮತ್ತೆ ಮೆತ್ತಗಾಯಿತು.

“ಒಪ್ಕಂಡ್ ಬಾ. ಬಂದ್ಮೇಲೆ ಸ್ಟೇರಿಂಗ್ ನಿಂದೇಯ. ಅರಳಿಕಟ್ಟೆತಾವ ಇಳಿಯಂಗಿಲ್ಲ. ಎಲ್ರ್ ಮುಂದ್ಲೇ ಊರೊಳಿಕ್ಕೆ ಓಡುಸ್ಕಂಡ್ ಬಾ. ಯಾವನ್ ಏನಂದಾನು, ನಾನ್ ನೋಡ್ಕತೀನಿ.”

ಅರ್ಪಿತ ಕೀಯನ್ನು ನೋಡಿದಳು. ಹಲ್ಲು ಸವೆದ ಕೀ. ಕೊಂಚ ಮೇಲಕ್ಕೆತ್ತಿ ತಿರುಗಿಸಬೇಕು. ಮರಿಸ್ವಾಮಿಗೆ ಅದು ಇನ್ನೂ ಬಂದಿರಲಿಲ್ಲ.

ಅವಳು ಕೈಯನ್ನು ಜಗ್ಗಿ ಎಳೆದುಕೊಂಡಳು. ದಾರ ಕಿತ್ತು ಲಿಂಗರಾಜುವಿನ ಬೆರಳಿಗೆ ನೇತುಬಿತ್ತು.

“ಬ್ಯಾಡ” ಎಂದಳು. “ನಾನ್ ಓಡಿಸ್ನಿಲ್ಲ. ಮಡ್ಗಾರ್ಡ್ ಮೇಲ್ ಕುಂತಿದ್ದೆ.”