ಒಡೆದು ಬಂದ ಗಾಜು

ಕೊರಿಯರ್‌ನವನು ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟ ಎನ್ನುವುದಕ್ಕಿಂತ ಎಸೆದ ಎನ್ನುವುದೇ ಸರಿ. ಒಳಗೆ ಚೂರಿಗೆ ಚೂರು ತಾಗಿದ ಸದ್ದಾಯಿತು. ಕನ್ನಡಕದಂಗಡಿಯಲ್ಲೇ ತಲೆ ನರೆಸಿಕೊಂಡ ಅಕ್ಕನಿಗೆ ಅದು ಏನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಒಡೆದಿದೆ ಇದು," ಎಂದಳು.

"ನಮ್ಮ ಕೈಗೆ ಬಂದಿದ್ದೇ ಹೀಗೆ ಮೇಡಂ. ಸೈನ್ ಮಾಡಿ."

"ಅಡಿಯೆಲ್ಲ ಒದ್ದೆ ಆಗಿದೆಯಲ್ಲಪ್ಪ?"

"ಅದೂ ಹಾಗೇ ಬಂದಿದ್ದು." ಸಹಿ ಬಿದ್ದಿತೋ ಇಲ್ಲವೋ, ಅವನು ಕಾಲಿಗೆ ಬುದ್ಧಿ ಹೇಳಿದ.

ಅಕ್ಕ ಅಂಗಡಿಯ ಷಟರನ್ನು ಅರ್ಧ ಎಳೆದಳು. ಮಧ್ಯಾಹ್ನದ ಹೊತ್ತು, ಗಿರಾಕಿಗಳ ಕಾಟ ಹೇಗೂ ಕಡಿಮೆ. ಒಳಗಿನ ಕೋಣೆಯಲ್ಲಿ ತಮ್ಮ ಮಸೂರ ಉಜ್ಜುವ ಯಂತ್ರದ ಮುಂದೆ ಕೂತಿದ್ದ.

"ಬಂತು," ಎಂದು ಕೂಗಿದಳು. ಯಂತ್ರ ತಕ್ಷಣ ನಿಂತಿತು.

ಹಳೆಯ ಕಾಲದ ಕ್ಯಾಮೆರಾ, ದುರ್ಬೀನು, ಗಾಜಿನ ನೆಗೆಟಿವ್ ಇವನ್ನೆಲ್ಲ ಆನ್‌ಲೈನ್‌ನಲ್ಲಿ ಹುಡುಕಿ ಕೊಳ್ಳುವ ಹುಚ್ಚು ಅಕ್ಕನಿಗೆ ಮೊದಲಿನಿಂದಲೂ ಇತ್ತು. ಒಡೆದ ಮಾಲು ಅವಳಿಗೆ ಹೊಸದೇನಲ್ಲ. ದುಡ್ಡು ಹೋದರೆ ಹೋಗಲಿ ಎಂದು ಬೈದು ಮರೆಯುತ್ತಿದ್ದಳು. ಇದು ಮಾತ್ರ ಮರೆಯುವಂಥದ್ದಲ್ಲ. ಯಾವುದೋ ಸ್ಟುಡಿಯೊ ಬಾಗಿಲು ಹಾಕಿದಾಗ ಉಳಿದ ಸಾಮಾನಿನಲ್ಲಿ 'ಟೆಲಿಫೋನ್ ಎಕ್ಸ್‌ಚೇಂಜಿನ ಹೆಂಗಸರು' ಎಂಬ ಒಂದು ಗಾಜಿನ ನೆಗೆಟಿವ್ ಮಾರಾಟಕ್ಕಿತ್ತು. ಊರು ಅದೇ, ವರ್ಷ ಅದೇ. ಅಮ್ಮ ಕೆಲಸ ಮಾಡುತ್ತಿದ್ದದ್ದು ಅಲ್ಲೇ. ಮಾರುವವನು ಹಾಕಿದ್ದ ಮಸುಕು ಫೋಟೊದಲ್ಲಿ ಮುಖಗಳು ಸಾಸಿವೆಕಾಳಿನಷ್ಟಿದ್ದವು, ಯಾರು ಯಾರೆಂದು ದೇವರಿಗೇ ಗೊತ್ತು.

ಅಮ್ಮ ತಮ್ಮನನ್ನು ಹೆತ್ತ ದಿನವೇ ತೀರಿಕೊಂಡಳು. ಅಪ್ಪ ಆ ಸಂಕಟದಲ್ಲಿ ಮನೆಯಲ್ಲಿದ್ದ ಒಂದೆರಡು ಫೋಟೊಗಳನ್ನೂ ಒಲೆಗೆ ಹಾಕಿದರು. ಆಗ ಅಕ್ಕ ಇನ್ನೂ ಹಾಲುಹಲ್ಲಿನ ಹುಡುಗಿ. ಅಮ್ಮನ ಕೈ ಬೆಚ್ಚಗಿದ್ದದ್ದು ನೆನಪಿತ್ತು, ಮುಖ ಎಂದೋ ಅಳಿಸಿಹೋಗಿತ್ತು. ತಮ್ಮನಿಗಂತೂ ಅಷ್ಟೂ ಇಲ್ಲ. ಅವನು ಈ ವಿಷಯವನ್ನು ಯಾವತ್ತೂ ಬಾಯಿಬಿಟ್ಟು ಕೇಳಿದವನಲ್ಲ. ಆದರೆ ಆರ್ಡರ್ ಹಾಕಿದ ಮೇಲೆ ದಿನಾ ಬೆಳಿಗ್ಗೆ ಅಂಗಡಿಗೆ ಬಂದವನೇ, "ಎಲ್ಲಿಗೆ ಬಂತಂತೆ?" ಎನ್ನುತ್ತಿದ್ದ. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನ ಗಂಡಸು ಹಾಗೆ ಕೇಳುವಾಗ ಅಕ್ಕನ ಕರುಳು ಚುರುಕ್ ಎನ್ನುತ್ತಿತ್ತು.

ಈಗ ಅವನು ಬಾಗಿಲಲ್ಲಿ ನಿಂತಿದ್ದ. ಮೊಣಕೈತನಕ ಪಾಲಿಶ್ ಪುಡಿ.

"ಒಡೆದಿದೆಯಾ?"

"ಒಡೆದಿದೆ. ಆದ್ರೂ ನೋಡೋಣ. ನೀನು ಮುಟ್ಟಬೇಡ, ಮೊದ್ಲು ಹಿತ್ತಲ ನಲ್ಲಿಗೆ ಹೋಗಿ ಚೆನ್ನಾಗಿ ಕೈ ತೊಳ್ಕೊಂಡು ಬಾ."

"ನಾನು ಬರೋವರೆಗೂ ತೆಗೀಬೇಡ."

"ಆಯ್ತು ಹೋಗೋ."

ತೆಗೆಯದೆ ಇರುವುದು ಅವಳಿಂದ ಆಗಲಿಲ್ಲ. ಒಳಗೆ ತುಂಬಬೇಕಾದ ಹತ್ತಿ, ರಟ್ಟು ಎಲ್ಲದರ ಬದಲಿಗೆ ಮಾರಿದ ಪುಣ್ಯಾತ್ಮ ಹೊರಗೆ ಟೇಪು ಸುತ್ತಿದ್ದ. ಬ್ಲೇಡಿನಿಂದ ಕೊಯ್ದರೆ ಒಳಗೆ ಚಪ್ಪಲಿ ಡಬ್ಬಿ. ಅದರಲ್ಲಿ ಒಂದೇ ಒಂದು ಹಾಳೆ ದಿನಪತ್ರಿಕೆ, ಅದೂ ನೆಂದು ಮುದ್ದೆ. ಇವನ ಮನೆ ಹಾಳಾಗ, ಮೊಟ್ಟೆ ಮಾರುವವನೂ ಇದಕ್ಕಿಂತ ಜೋಪಾನ ಮಾಡುತ್ತಾನೆ ಎಂದು ಗೊಣಗುತ್ತ ಅಕ್ಕ ಚಿಮಟ ಹಿಡಿದಳು. ಒಂದು ಸಲ ಚಿಮಟ ಕೆಳಗಿಟ್ಟು, ಉಸಿರು ಎಳೆದುಕೊಂಡು ಮತ್ತೆ ಹಿಡಿದಳು.

ಫ್ರೇಮುಗಳನ್ನು ತೋರಿಸುವ ಕರಿ ಮಖಮಲ್ಲಿನ ತಟ್ಟೆಯ ಮೇಲೆ ಚೂರುಗಳನ್ನು ಒಂದೊಂದಾಗಿ ಹರಡಿದಳು. ಗಾಜಿನ ಒಂದು ಬದಿಗೆ ಚಿತ್ರ ಹಿಡಿದಿಟ್ಟ ತೆಳುಪದರ ಇರುತ್ತದೆ. ಹಾಲಿನ ಕೆನೆಯಂಥದ್ದು. ತೇವಕ್ಕೆ ಅದು ಮೆತ್ತಗಾಗಿ ಅಂಚಿನಲ್ಲಿ ಸುರುಟಿಕೊಳ್ಳುತ್ತಿತ್ತು. ಒಣಗುವವರೆಗೆ ಅದನ್ನು ಯಾರೂ ಮುಟ್ಟಬಾರದು. ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳ ಕುತ್ತಿಗೆಯ ಮೇಲೆ ಬಿರುಕು ಹಾದಿತ್ತು, ಇನ್ನೊಬ್ಬಳ ತಲೆಯೇ ಪುಡಿ. ಕೊನೆಗೆ ಅಂಗೈಯಗಲದ ಒಂದು ಚೂರು ಬಂತು. ಅದರಲ್ಲಿ ಒಂದೇ ಒಂದು ಮುಖ, ಎಲ್ಲೂ ಒಡೆಯದೆ ಇಡಿಯಾಗಿ. ಮೇಲೆ ಬೂಷ್ಟಿನ ಬಿಳಿ ಚುಕ್ಕಿಗಳು.

ಅಕ್ಕ ಮೇಜಿನ ದೀಪವನ್ನು ಪಕ್ಕಕ್ಕೆ ಬಾಗಿಸಿದಳು. ಓರೆ ಬೆಳಕು ಬಿದ್ದದ್ದೇ ತಡ, ಕರಿ ಮಖಮಲ್ಲಿನ ಮೇಲೆ ತಿರುಗುಮುರುಗಾಗಿದ್ದ ಕಪ್ಪುಬಿಳುಪು ಸರಿಯಾಯಿತು. ಒಬ್ಬ ಹುಡುಗಿ ಅವಳನ್ನೇ ನೋಡುತ್ತಿದ್ದಳು. ನಗು ತಡೆಯಲು ತುಟಿ ಒಂದು ಕಡೆಗೆ ಎಳೆದುಕೊಂಡಿದ್ದಳು.

ಅಮ್ಮ.

ಅಳಿಸಿಹೋಯಿತು ಎಂದುಕೊಂಡದ್ದು ಎಲ್ಲಿಗೂ ಹೋಗಿರಲಿಲ್ಲ. ಅಕ್ಕನಿಗೆ ಕುಣಿದಾಡುವಷ್ಟು ಸಂತೋಷವಾಯಿತು, ಜೊತೆಗೇ ಭಯ. ಪದರ ಕಣ್ಣೆದುರೇ ಸುರುಟುತ್ತಿದೆ. ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಫೋನು ಒಳಕೋಣೆಯಲ್ಲಿ ಚಾರ್ಜಿಗಿದೆ.

"ಬಾರೋ ಬೇಗ! ಅಮ್ಮ ಸಿಕ್ಕಿದ್ಳು! ಮೇಜಿನ ಮೇಲಿದ್ದಾಳೆ, ನೋಡು!" ಎನ್ನುತ್ತ ಒಳಗೆ ಓಡಿದಳು. ಅವನು ಹಿತ್ತಲಿಂದ ಓಡಿಬಂದು ಅವಳನ್ನು ದಾಟಿಕೊಂಡೇ ಹೋದ.

ಫೋನಿನ ವೈರು ಯಂತ್ರದ ಕಾಲಿಗೆ ಸಿಕ್ಕಿಕೊಂಡಿತ್ತು. ಬಗ್ಗಿ ಬಿಡಿಸುತ್ತಿದ್ದಾಗ ಆ ಸದ್ದು ಕೇಳಿಸಿತು. ಬಾಯಿ ಅಗಲಿಸಿ "ಹಾ" ಎಂದು ಗಾಜಿನ ಮೇಲೆ ಉಸಿರು ಬಿಡುವ ಸದ್ದು. ಈ ಮನೆಯವರಿಗೆ ಕೈಗೆ ಗಾಜು ಸಿಕ್ಕರೆ ಹಾಗೆ ಉಸಿರು ಬಿಟ್ಟು, ಹೆಗಲ ಮೇಲಿನ ಮೆತ್ತನೆ ಬಟ್ಟೆಯಲ್ಲಿ ಒರೆಸಿಯೇ ಗೊತ್ತು. ಅಪ್ಪ ಹಾಗೇ ಮಾಡುತ್ತಿದ್ದರು. ಅವಳೂ ಹಾಗೇ ಮಾಡುತ್ತಾಳೆ.

"ಬೇಡ ಕಣೋ!"

ಅವಳು ಬಾಗಿಲಿಗೆ ಬರುವಷ್ಟರಲ್ಲಿ ಅವನ ಹೆಬ್ಬೆರಳು ಬಟ್ಟೆಯೊಳಗೆ ಒಂದು ಸುತ್ತು ತಿರುಗಿ ಮುಗಿದಿತ್ತು. ಅವನು ಚೂರನ್ನು ದೀಪಕ್ಕೆ ಹಿಡಿದ. ಗಾಜು ಫಳಫಳ ಹೊಳೆಯುತ್ತಿತ್ತು. ಅದರಾಚೆ ದೀಪ ಕಾಣಿಸುತ್ತಿತ್ತು, ಬೇರೇನೂ ಇಲ್ಲ. ಬಟ್ಟೆಯ ಮೇಲೆ ಬೂದಿಬಣ್ಣದ ಲೋಳೆ.

"ಬೂಷ್ಟು ಹಿಡಿದಿತ್ತು ಅಕ್ಕಾ," ಎಂದ. "ಮುಖ ಸರಿಯಾಗಿ ಕಾಣ್ಲಿಲ್ಲ, ಅದಕ್ಕೆ..."

ಅಕ್ಕನ ಬಾಯಿಗೆ ಆ ಮಾತು ಎಲ್ಲಿಂದ ಬಂತೋ. ಇಷ್ಟು ವರ್ಷ ಅವನನ್ನು ಎತ್ತಿ ಆಡಿಸಿದವಳು, ತುತ್ತು ಕೊಟ್ಟವಳು, ಮದುವೆ ಮಾಡಿಸಿದವಳು ಅವಳೇ.

"ಒಂದು ಸಲ ಕೊಂದಿದ್ದು ಸಾಲ್ಲಿಲ್ವಾ ನಿಂಗೆ?"

ಹೊರಗೆ ಯಾರೋ ಷಟರಿನ ಕೆಳಗೆ ಬಗ್ಗಿ ನೋಡಿ, ಒಳಗಿನವರ ಮುಖ ಕಂಡು ಹಾಗೇ ಹೊರಟುಹೋದರು. ತಮ್ಮ ಚೂರನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ, ಇನ್ನೂ ಒಡೆಯುವುದೇನೋ ಉಳಿದಿದೆ ಎನ್ನುವ ಹಾಗೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿದ.

"ಅಪ್ಪ ಹೇಳ್ತಾರೆ ಅಂದ್ಕೊಂಡಿದ್ದೆ," ಎಂದ. "ಸಾಯೋವರೆಗೂ ಹೇಳ್ಲಿಲ್ಲ ಪಾಪ. ನೀನು ಹೇಳ್ತೀಯ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ."

ಅಕ್ಕ ಬಾಯಿ ತೆರೆದಳು. ಸಿಟ್ಟಲ್ಲಿ ಬಂತು, ಮನಸ್ಸಲ್ಲಿ ಇರಲಿಲ್ಲ ಎನ್ನಬಹುದಿತ್ತು. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಅವನು ಒಳಕೋಣೆಗೆ ಹೊರಟ. ಹೋಗಲು ಬಿಟ್ಟರೆ ಇನ್ನು ಮುಂದೆ ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತು ಗಿರಾಕಿಗಳ ಹತ್ತಿರ ಮಾತ್ರ ಮಾತಾಡಬೇಕಾಗುತ್ತದೆ ಎಂದು ಅವಳಿಗೆ ಹೊಳೆಯಿತು. ಅವಳು ಓಡಿಹೋಗಿ ಅವನ ಅಂಗಿ ಹಿಡಿದಳು.

"ಬಿಡು ಅಕ್ಕಾ."

"ಬಿಡಲ್ಲ. ನಾನು ನೋಡಿದೀನಿ ಕಣೋ ಅವಳನ್ನ. ಬಾ ಇಲ್ಲಿ."

ಗಿರಾಕಿಗಳು ಫ್ರೇಮು ಹಾಕಿ ನೋಡಿಕೊಳ್ಳುವ ಕನ್ನಡಿಯ ಮುಂದೆ ಅವನನ್ನು ಎಳೆದು ನಿಲ್ಲಿಸಿದಳು. ಕನ್ನಡಕ ಕಿತ್ತುಕೊಂಡಳು. ಅವನ ಪೊದೆಮೀಸೆಯ ಮೇಲೆ ಅಂಗೈ ಅಡ್ಡ ಹಿಡಿದು, ಕೆಳಗಿನ ತುಟಿಯನ್ನು ಹೆಬ್ಬೆರಳಿನಿಂದ ಒಂದು ಕಡೆಗೆ ಎಳೆದಳು.

"ನೋಡು. ಹೀಗೇ ಇದ್ಳು. ಹಣೆ, ಹುಬ್ಬು, ಕಣ್ಣು ಎಲ್ಲಾ ಇದೇ."

"ಕನ್ನಡಕ ಕಿತ್ಕೊಂಡ್ರೆ ನಂಗೇನು ಕಾಣುತ್ತೆ?" ಎಂದ ಅವನು ಅವಳ ಕೈಯೊಳಗಿಂದ.

ಅವಳು ಕನ್ನಡಕವನ್ನು ಮುಖಕ್ಕೆ ತಾಗದಂತೆ, ಅವನ ಕಣ್ಣಿಗೆ ನೇರವಾಗಿ ಹಿಡಿದಳು. ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇಷ್ಟು ವಯಸ್ಸಾಗಿತ್ತಾ?"

"ಇಲ್ಲ ಕಣೋ," ಎಂದಳು ಅಕ್ಕ. "ನಿನ್ನ ಮಗಳಿಗಿಂತ ಚಿಕ್ಕವಳು."

ಅವನ ಮುಖ ಅವಳ ಅಂಗೈಯಲ್ಲಿ ಅದುರಿತು. ಕೈ ಒದ್ದೆಯಾಯಿತು. ಅಕ್ಕ ಕೈ ತೆಗೆಯಲಿಲ್ಲ.