ಇಂಜಿನ್ನಿನ ಎಡಬದಿ

“ಕಳಿಸಿಬಿಡು,” ಎಂದ ಇನ್ನಿಸ್, ಕೋಟಿನ ತೋಳಿನೊಳಗೆ ಕೈ ತೂರಿಸುತ್ತ. “ಒಪ್ಪಿಗೆ ಅಂತ ಬರೆದು ಕಳಿಸು. ನಾನು ಬೇಕರಿಗೆ ಹೋಗಿ ತಿನ್ನೋಕೆ ಬಟರಿ ಬನ್ ತರ್ತೀನಿ. ನಿಂಗೆ ಎರಡು ಸಾಕಾ?”

ಇಶ್ಬೆಲ್ ತಲೆಯೆತ್ತಿ ತಮ್ಮನನ್ನು ನೋಡಿದಳು. ಈ ಒಂದು ಮಾತಿಗಾಗಿ ಹದಿನಾಲ್ಕು ತಿಂಗಳು ಕಾಡಿದ್ದಳು, ಜಗಳವಾಡಿದ್ದಳು, ಎರಡು ಸಲ ಅತ್ತೂ ಇದ್ದಳು. ಅದು ಹೀಗೆ, ಬೇಕರಿಗೆ ಹೋಗುವ ದಾರಿಯಲ್ಲಿ ಬೀಳುತ್ತದೆ ಎಂದುಕೊಂಡಿರಲಿಲ್ಲ.

“ಇನ್ನೊಂದ್ಸಲ ಹೇಳು.”

“ಕಿವಿ ಕೇಳ್ಸಲ್ವಾ? ಕಳಿಸು ಅಂದೆ. ನಮ್ಮ ಹನ್ನೊಂದಕ್ಕೆಲ್ಲ ಚೀನಾದಲ್ಲಿ ಕಾರ್ಖಾನೆ ಮುಚ್ಚುತ್ತೆ.” ಅವಳ ಮುಖ ನೋಡದೆ ಹೇಳಿ ಅವನು ಬಾಗಿಲು ಎಳೆದುಕೊಂಡು ಹೋದ.

ಸ್ಕಾಟ್ಲೆಂಡಿನ ಇನ್ವರೂರಿ ಊರಿನ ದೊಡ್ಡ ಬೀದಿಯಲ್ಲಿ ಹಿಂದೆ ಚಪ್ಪಲಿ ಅಂಗಡಿಯಾಗಿದ್ದ ಜಾಗದಲ್ಲಿ ಅಕ್ಕ ತಮ್ಮ ಇಬ್ಬರೂ ಹನ್ನೊಂದು ವರ್ಷಗಳಿಂದ ಹಳೆಯ ಸ್ಕಾಟಿಷ್ ರೈಲುಗಳ ಮಾದರಿಗಳನ್ನು ಮಾಡಿಸಿ ಮಾರುತ್ತಿದ್ದರು. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟರೆ ಓಡಬೇಕು. ಅಂಟು, ಬಣ್ಣ, ಸ್ಕ್ರೂ ಯಾವುದೂ ಕೊಂಡವರ ತಲೆನೋವಾಗಬಾರದು. ತಲೆನೋವೆಲ್ಲ ಇಶ್ಬೆಲ್‌ಳದು. ಇನ್ನಿಸ್ ನಕ್ಷೆ ಬರೆಯುತ್ತಿದ್ದ, ಚೀನಾದ ಕಾರ್ಖಾನೆಯಲ್ಲಿ ಅಚ್ಚು ಕೊರೆಯುತ್ತಿದ್ದರು, ತಡವಾದದ್ದಕ್ಕೆ ಇಶ್ಬೆಲ್ ಎಲ್ಲರಿಗೂ ಉತ್ತರ ಬರೆಯುತ್ತಿದ್ದಳು. ಮರ್ಯಾದೆ ಕೆಡದಂತೆ, ಸುಳ್ಳೂ ಆಗದಂತೆ ಪದ ಹುಡುಕಿ ಹುಡುಕಿ ಅವಳಿಗೆ ಸಾಕಾಗಿತ್ತು.

ಈಗಿನದು ಗ್ರೇಟ್ ನಾರ್ತ್ ರೈಲು ಕಂಪನಿಯ ಒಂದು ಪುಟ್ಟ ಹಸಿರು ಇಂಜಿನ್. ಹಸಿರಿನ ಛಾಯೆಗೆ ಇನ್ನಿಸ್ ಆರು ವಾರ ತೆಗೆದುಕೊಂಡ. ದೀಪ ಸಿಕ್ಕಿಸುವ ಕೊಕ್ಕೆ ಹೇಗಿತ್ತೆಂದು ನೋಡಲು ಎಲ್ಗಿನ್ ಹತ್ತಿರದ ಒಂದು ಹೊಲಮನೆಗೆ ಹೋಗಿ, ಕೋಳಿಗೂಡಿನ ಬಾಗಿಲಿಗೆ ಅಗುಳಿಯಾಗಿದ್ದ ಹಳೆಯ ಕೊಕ್ಕೆಯನ್ನು ಮಳೆಯಲ್ಲಿ ನಿಂತು ಅಳೆದುಕೊಂಡು ಬಂದ. ಇವೆಲ್ಲ ಮುಗಿದ ಮೇಲೆ ಎಡಬದಿಯ ಪ್ರಶ್ನೆ ಎದ್ದಿತು. ಆ ಇಂಜಿನ್ ಓಡಿದ ಮಾರ್ಗದಲ್ಲಿ ಪ್ಲಾಟ್‌ಫಾರ್ಮುಗಳೆಲ್ಲ ಒಂದೇ ಕಡೆ ಇದ್ದವು. ಅದರ ಬಲಬದಿಯ ಚಿತ್ರಗಳು ಒಂಬತ್ತು ಇದ್ದವು, ಎಡಬದಿಯದು ಒಂದೂ ಇರಲಿಲ್ಲ. ಕೊನೆಗೆ ಕೀತ್ ಊರಿನ ಒಬ್ಬರ ಮನೆಯ ಆಲ್ಬಮ್ಮಿನಲ್ಲಿ ಒಂದು ಸಿಕ್ಕಿತು: ಇಂಜಿನ್ ಎಡಕ್ಕೆ ಮುಖ ಮಾಡಿ ನಿಂತಿದೆ, ಮುಂದೆ ಮೂವರು ನಿಂತಿದ್ದಾರೆ, ಇಂಜಿನ್ನಿನ ಪಕ್ಕೆಗಿರುವ ನೀರಿನ ತೊಟ್ಟಿಯ ಮೇಲೆ ಒಂದು ಸಲಕರಣೆ ಪೆಟ್ಟಿಗೆ, ಅದರ ಪಕ್ಕದಲ್ಲಿ ಬಾಗಿದ ಕೊಳವೆ. ಇನ್ನಿಸ್ ಅವೆರಡನ್ನೂ ನಕ್ಷೆಗೆ ಸೇರಿಸಿದ. ಆ ಪ್ರಕಾರ ಮಾಡಿದ ಮೊದಲ ನಮೂನೆ ಈಗ ಅವಳ ಮೇಜಿನ ಮೇಲಿತ್ತು.

ಮುಂಗಡವಾಗಿ ಹೆಸರು ಕೊಟ್ಟಿದ್ದವರು ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ಎಪ್ಪತ್ತು ದಾಟಿದವರು. ಆ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರುಗಳ ಮೇಲೆ ಇಶ್ಬೆಲ್ ಪೆನ್ಸಿಲ್ ಗೆರೆ ಎಳೆದಿದ್ದಳು. ಮಾರ್ಚಿನಲ್ಲಿ ಒಬ್ಬ ಹೆಂಗಸು ಬರೆದಿದ್ದಳು: ನನ್ನ ಗಂಡ ಹೋದರು, ಅವರದನ್ನು ಕಾಯುತ್ತಿರುವ ಬೇರೆ ಯಾರಿಗಾದರೂ ಕೊಡಿ. ಕಾಯುತ್ತಿರುವ ಎಂಬ ಪದದ ಕೆಳಗೆ ಅವಳು ಗೆರೆ ಹಾಕಿರಲಿಲ್ಲ. ಹಾಕಿದ್ದರೆ ಓದುವುದು ಸುಲಭವಾಗುತ್ತಿತ್ತು ಎಂದು ಇಶ್ಬೆಲ್‌ಗೆ ಅನ್ನಿಸಿತ್ತು.

ಇಂದು ಒಪ್ಪಿಗೆ ಹೋಗದಿದ್ದರೆ ಅಚ್ಚಿನ ಸರದಿ ಬೇರೆಯವರ ಪಾಲಾಗುತ್ತಿತ್ತು. ಮತ್ತೆ ಇವರ ಸರದಿ ಬರುವುದು ಮುಂದಿನ ವರ್ಷದ ಕೊನೆಗೆ.

ಒಪ್ಪಿಗೆ ಬರೆದಳು. ಕಳಿಸುವ ಮುನ್ನ, ಮಾದರಿಯ ಜೊತೆ ಪೆಟ್ಟಿಗೆಯೊಳಗೆ ಇಡುವ ಮಾಹಿತಿ ಚೀಟಿಗೆ ಆ ಚಿತ್ರವನ್ನು ಜೋಡಿಸೋಣವೆಂದು ಅದನ್ನು ಪರದೆಯ ತುಂಬ ದೊಡ್ಡದು ಮಾಡಿದಳು. ಮೂವರಲ್ಲಿ ನಡುವಿನವನು ಇಂಜಿನ್ನಿನ ನಂಬರಿಗೆ ಸರಿಯಾಗಿ ಅಡ್ಡ ನಿಂತಿದ್ದ. ದಪ್ಪ ಬಟ್ಟೆಯ ಕೋಟು. ಅವಳ ಅಮ್ಮ ಮೂವತ್ತು ವರ್ಷ ಊರಿನವರ ಬಟ್ಟೆ ಹೊಲಿದು ತಿದ್ದಿ ಕೊಟ್ಟವಳು; ಕೋಟು ಕಂಡರೆ ಇಶ್ಬೆಲ್‌ಳ ಕಣ್ಣು ಮೊದಲು ಹೋಗುವುದು ಗುಂಡಿಗಳ ಮೇಲೆ. ಗಂಡಸರ ಕೋಟಿನಲ್ಲಿ ಗುಂಡಿಗಳು ತೊಟ್ಟವನ ಬಲಕ್ಕಿರುತ್ತವೆ, ಹೆಂಗಸರದರಲ್ಲಿ ಎಡಕ್ಕೆ. ಇವನದು ಎಡಕ್ಕಿತ್ತು. ಯಾರದೋ ಹೆಂಡತಿಯ ಕೋಟಿರಬಹುದು. ಪಕ್ಕದವನನ್ನು ನೋಡಿದಳು. ಅವನದೂ ಎಡಕ್ಕೆ. ಮೂರನೆಯವನದೂ.

ಕುರ್ಚಿಯಲ್ಲಿ ಹಿಂದಕ್ಕೊರಗಿದಳು. ಹಳೆಯ ಗಾಜಿನ ನೆಗೆಟಿವನ್ನು ಯಾರೋ ತಿರುಗಿಸಿಟ್ಟು ಚಿತ್ರ ಮುದ್ರಿಸಿದ್ದರು. ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿತ್ತು. ಅಂದರೆ ಅದು ಎಡಬದಿಯ ಚಿತ್ರವೇ ಅಲ್ಲ. ಬಲಬದಿಯದೇ ಹತ್ತನೆಯ ಚಿತ್ರ; ಉಳಿದ ಒಂಬತ್ತರಲ್ಲಿ ಇಲ್ಲದ ಪೆಟ್ಟಿಗೆ ಕೊಳವೆಗಳನ್ನು ಇಂಜಿನ್ನಿನ ಕಡೆಗಾಲದಲ್ಲಿ ಸೇರಿಸಿದ ಮೇಲಿನದು.

ಗಡಿಯಾರ ನೋಡಿದಳು. ಹತ್ತೂ ಕಾಲು. ಈ ಲೋಕದಲ್ಲಿ ಇದು ಗೊತ್ತಿರುವುದು ತನಗೊಬ್ಬಳಿಗೆ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಒತ್ತಲು ಆಗುತ್ತಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ರೇಗಿತು.

ಇನ್ನಿಸ್ ಬಟರಿಯ ಚೀಲ ಹಿಡಿದು ಒಳಗೆ ಬಂದ. “ಹೋಯ್ತಾ?”

“ಇಲ್ಲಿ ಬಾ. ಇವರ ಕೋಟು ನೋಡು.”

ಅವನು ಬರಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, ಅದರ ಬಾಯನ್ನು ಮಡಿಸಿ, ಮತ್ತೆ ಬಿಚ್ಚಿದ.

“ಚಿತ್ರ ತಿರುಗುಮುರುಗಾಗಿದೆ ಅಂತಾನಾ?” ಎಂದ.

ಇಶ್ಬೆಲ್ ಕನ್ನಡಕ ತೆಗೆದಳು. “ನಿಂಗೆ ಗೊತ್ತಿತ್ತು.”

“ಕೋಟಿನ ವಿಷಯ ಗೊತ್ತಿರ್ಲಿಲ್ಲ. ಚಕ್ರದ ಹತ್ರ ಒಂದು ಸರಳು ಇದೆ, ಅದು ಇರ್ಬೇಕಾದ ಕಡೆ ಇಲ್ಲ. ಮಂಗಳವಾರ ಕಣ್ಣಿಗೆ ಬಿತ್ತು.”

“ಮಂಗಳವಾರ! ಇವತ್ತು ಶುಕ್ರವಾರ ಇನ್ನಿಸ್. ಹಸಿರು ಬಣ್ಣ ಒಂದು ಕೂದಲಷ್ಟು ತಿಳಿ ಆಯ್ತು ಅಂತ ಆರು ವಾರ ಮಾತು ಬಿಟ್ಟವನು ನೀನು. ಒಂದು ಇಡೀ ಬದಿ ತಪ್ಪು ಅಂತ ಗೊತ್ತಿದ್ದೂ ಕಳಿಸು ಅಂತೀಯ?”

“ಕಳಿಸು ಕಳಿಸು ಅಂತ ವರ್ಷದಿಂದ ನನ್ನ ತಲೆ ತಿಂದವಳು ಯಾರು?”

“ಗೊತ್ತಿಲ್ದೆ ಇದ್ದಾಗ ಕಳಿಸು ಅಂದೆ. ಗೊತ್ತಾದ್ಮೇಲೆ ಹೇಗೆ ಕಳಿಸೋದು?”

“ನಾನು ಇಷ್ಟು ದಿನ ಹೇಳ್ತಿದ್ದಿದ್ದೂ ಅದನ್ನೇ ತಾನೆ.”

ಅವಳಿಗೆ ಚೀಲವನ್ನೆತ್ತಿ ಅವನ ತಲೆಗೆ ಬಡಿಯುವ ಹಾಗಾಯಿತು. ಅವನು ಎದುರಿನ ಸ್ಟೂಲಿನ ಮೇಲೆ ಕೂತ.

“ಮಂಗಳವಾರ ನೀನು ಹಲ್ಲಿನ ಡಾಕ್ಟರ್ ಹತ್ರ ಹೋದಾಗ ಗೆಡ್ಡಿಸ್ ಫೋನ್ ಬಂತು,” ಎಂದ. “ಇಂಜಿನ್ನಿನ ಒಂದೊಂದು ರಿವೆಟ್ ಮೊಳೇನೂ ಎಣಿಸೋನು ನೀನೇನಾ ಅಂತ ಕೇಳಿದ್ರು. ಹೌದು ಅಂದೆ. ನನ್ನ ಡಾಕ್ಟರೂ ನನ್ನ ದಿನ ಎಣಿಸ್ತಾ ಇದಾನೆ, ನಿಮ್ಮಿಬ್ಬರಲ್ಲಿ ಯಾರು ಮೊದ್ಲು ಮುಗಿಸ್ತೀರೋ ನೋಡೋಣ ಅಂದ್ರು.”

ಗೆಡ್ಡಿಸ್‌ಗೆ ತೊಂಬತ್ತೊಂದು. ಹಂಟ್ಲಿಯಲ್ಲಿ ಮಗಳ ಮನೆಯಲ್ಲಿದ್ದರು. ಅವರ ಅಪ್ಪ ಇದೇ ಇಂಜಿನ್ನಿನ ಚಾಲಕ. ಪಟ್ಟಿಯಲ್ಲಿ ಮೊದಲ ಹೆಸರು ಅವರದು. ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು.

“ಪೆಟ್ಟಿಗೆ, ಕೊಳವೆ ಎರಡನ್ನೂ ಕಿತ್ತು ಹಾಕೋಣ,” ಎಂದಳು. “ಅಂಟಿಸಿದ್ದು ತಾನೆ? ಬೋಳು ಬಿಡೋಣ.”

“ಬೋಳು ಬಿಟ್ರೆ ಅಲ್ಲಿ ಏನೂ ಇರ್ಲಿಲ್ಲ ಅಂತ ಹೇಳಿದ ಹಾಗಾಗುತ್ತೆ. ಅದಕ್ಕೆ ಆಧಾರ ಎಲ್ಲಿದೆ?”

“ಅಯ್ಯೋ ದೇವರೇ. ಪೆಟ್ಟಿಗೆ ಇಟ್ರೂ ತಪ್ಪು, ಇಡದೇ ಹೋದ್ರೂ ತಪ್ಪು. ನಾನೇ ಹೋಗಿ ಅಲ್ಲಿ ನಿಂತ್ಕೊಳ್ಲಾ?”

ಆಗ ಫೋನ್ ಬಂತು. ಹತ್ತೂವರೆ. ಶುಕ್ರವಾರದ ಹತ್ತೂವರೆಗೆ ಫೋನ್ ಮಾಡುವವರು ಒಬ್ಬರೇ. ಇನ್ನಿಸ್‌ಗೂ ಕೇಳಿಸಲೆಂದು ಅವಳು ಸ್ಪೀಕರ್ ಒತ್ತಿದಳು.

“ಇನ್ನೂ ಹೋಗಿಲ್ಲ ನಾನು,” ಎಂದಿತು ಒಣಗಿದ ದನಿ. “ನನ್ನ ಹೆಸರಿಗೆ ಗೆರೆ ಎಳೀಬೇಡ ಹುಡುಗೀ.”

ಐವತ್ತೆಂಟರ ಇಶ್ಬೆಲ್ ಕಣ್ಣು ಮುಚ್ಚಿಕೊಂಡಳು. “ಮಿಸ್ಟರ್ ಗೆಡ್ಡಿಸ್, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಇಂಜಿನ್ನಿನ ಎಡಗಡೆ, ನೀರಿನ ತೊಟ್ಟಿ ಮೇಲೆ ಏನಿತ್ತು ನಿಮ್ಗೆ ನೆನಪಿದೆಯಾ?”

ನೆನಪು ಆಧಾರವಲ್ಲ ಎಂದು ಇನ್ನಿಸ್ ಬಾಯಿ ತೆರೆಯುವಷ್ಟರಲ್ಲಿ ಅವಳು ಅಂಗೈ ತೋರಿಸಿ ಅವನನ್ನು ತಡೆದಳು.

“ಎಡಗಡೆ?” ಎಂದರು ಗೆಡ್ಡಿಸ್. ಕೆಮ್ಮಿದರು. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು. “ನಾನು ನಿಲ್ತಿದ್ದಿದ್ದು ಪ್ಲಾಟ್‌ಫಾರ್ಮ್ ಮೇಲೆ. ಅಪ್ಪ ಕೈ ಚಾಚಿ ಮೇಲಕ್ಕೆ ಎತ್ಕೋತಿದ್ದ, ಅಲ್ಲೇ ಇಳಿಸ್ತಿದ್ದ. ಆ ಕಡೆ ಬರೀ ಹಳ್ಳ, ಆಮೇಲೆ ಟರ್ನಿಪ್ ಹೊಲ. ಎಡಗಡೆ ನೋಡಿದ್ದೇನಾದ್ರೂ ಇದ್ರೆ ದನಗಳು ನೋಡಿರ್ಬೇಕು.”

“ಹಾಗಾದ್ರೆ ನಿಮ್ಗೂ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಅದಕ್ಕೇನೀಗ? ನಾನಿದನ್ನ ಇಡೋದು ಬೆಂಕಿಗೂಡಿನ ಮೇಲೆ, ಅದರ ಎಡಗಡೆ ಗೋಡೆಗೆ ತಾಗಿರುತ್ತೆ. ಇಷ್ಟು ಹೊತ್ತು ಅದಕ್ಕೇನಾ ನನ್ನ ಕಾಯಿಸಿದ್ದು?”

ಇನ್ನಿಸ್ ಚೀಲದ ಬಾಯನ್ನು ಮತ್ತೆ ಮಡಿಸಿದ.

“ರಿವೆಟ್ಟಿನವನು ಅಲ್ಲೇ ಇದಾನಾ? ಅವನಿಗೆ ಹೇಳು, ಗೊತ್ತಿಲ್ಲ ಅಂತ ಬರ್ದು ಕೊಡೋಕೆ ನಾಚಿಕೆಯಾದ್ರೆ ನನ್ನ ಹೆಸರು ಹಾಕ್ಲಿ. ಗೆಡ್ಡಿಸ್‌ಗೂ ಗೊತ್ತಿಲ್ಲ ಅಂತ. ಬರುತ್ತಾ, ಬರಲ್ವಾ? ಅಷ್ಟು ಹೇಳು.”

ಇಶ್ಬೆಲ್ ತಮ್ಮನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಆಮೇಲೆ ಡ್ರಾಯರಿನಿಂದ ಸಣ್ಣ ಇಕ್ಕಳ ತೆಗೆದು ಇಂಜಿನ್ ಕೈಗೆತ್ತಿಕೊಂಡ.

“ಬರುತ್ತೆ,” ಎಂದಳು. “ಚಳಿಗಾಲ ಮುಗಿಯೋದ್ರೊಳಗೆ.”

“ನಾನೂ ಪ್ರಯತ್ನ ಮಾಡ್ತೀನಿ,” ಎಂದು ಅವರು ಫೋನ್ ಇಟ್ಟರು.

ಪೆಟ್ಟಿಗೆ ಸಲೀಸಾಗಿ ಬಂತು. ಕೊಳವೆ ಬರುವಾಗ ಟಕ್ಕೆಂದು ಮುರಿಯಿತು. ಅವುಗಳಿದ್ದ ಜಾಗದಲ್ಲಿ ಸೂಜಿಮೊನೆಯಷ್ಟು ಎರಡು ತೂತುಗಳು ಉಳಿದವು.

“ತೂತು ಮುಚ್ಚೋಕೆ ಹೇಳು,” ಎಂದ ಇನ್ನಿಸ್. “ನಕ್ಷೇಲಿರೋ ಮೂವತ್ತೊಂದು, ಮೂವತ್ತೆರಡನೇ ಭಾಗ ಬೇಡ ಅಂತ ಸ್ಪಷ್ಟವಾಗಿ ಬರಿ. ‘ಬೇಡದಿರಬಹುದು’ ಅಂತೆಲ್ಲ ಬರೀಬೇಡ.”

“ನಂಗೆ ಬರೆಯೋದು ಕಲಿಸ್ಬೇಡ.”

“ಚೀಟೀಲಿ ಏನ್ ಹಾಕ್ತೀಯ?”

ಅವಳು ಮೊದಲು ಪತ್ರಕ್ಕೆ ಕೈಹಾಕಿದಳು. ಹಳೆಯ ಪತ್ರವನ್ನು ಅಳಿಸಿ ಹೊಸದನ್ನು ಬರೆದು ಎರಡು ಸಲ ಓದಿದಳು. ಹತ್ತೂ ಐವತ್ತೆರಡಕ್ಕೆ ಕಳಿಸಿದಳು. ಆಮೇಲೆ ಚೀಟಿಗೆ ಒಂದು ಸಾಲು: ಈ ಇಂಜಿನ್ನಿನ ಎಡಬದಿ ನಮಗೆ ಗೊತ್ತಿಲ್ಲ, ಕಂಡವರಿದ್ದರೆ ದಯವಿಟ್ಟು ತಿಳಿಸಿ. ಅದನ್ನು ಇನ್ನಿಸ್ ಅವಳ ಭುಜದ ಹಿಂದೆ ನಿಂತು ಓದಿದ. ‘ದಯವಿಟ್ಟು’ ಬೇಕಾ ಎಂದ. ಬೇಕು ಎಂದಳು.

ಅವನು ನಮೂನೆಯನ್ನು ಬೆಳಕಿಗೆಂದು ಬೀದಿಯ ಕಡೆಯ ಕಿಟಕಿಕಟ್ಟೆಯ ಮೇಲಿಟ್ಟು, ಬಲಬದಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಭೂತಗನ್ನಡಿ ಹಿಡಿದು ಮತ್ತೆ ರಿವೆಟ್‌ಗಳ ಸಾಲಿಗೆ ಬಗ್ಗಿದ. ಇಶ್ಬೆಲ್ ಚೀಲದಿಂದ ತಣ್ಣಗಾದ ಬಟರಿ ತೆಗೆದು ಕಚ್ಚಿದಳು.

ಹೊರಗೆ ಸಾಮಾನಿನ ಗಾಲಿಚೀಲ ಎಳೆದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತಳು. ಗಾಜಿನ ಹತ್ತಿರ ಬಂದು, ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ತನ್ನ ಕಡೆಗಿದ್ದ ಎಡಬದಿಯನ್ನು ನೋಡತೊಡಗಿದಳು.