ನಿಂತಲ್ಲೇ ನಿಂತ ಬಾಣ

ಬಾಣ ಅಲುಗಲಿಲ್ಲ. ಅವಳು ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಮತ್ತೆ ಟಚ್‌ಪ್ಯಾಡಿನ ಮೇಲೆ ಎಳೆದಳು. ಉಫ್ ಎಂದು ಊದಿದಳು. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದಳು. ಕೊನೆಗೆ, "ಬಂಗಾರ, ಇದೊಂದು ಸಲ" ಎಂದು ಗೋಗರೆದೂ ಆಯಿತು. ಪರದೆಯ ಮೇಲೆ ಬೆಳಿಗ್ಗೆ ಬರೆದಿಟ್ಟ ಪತ್ರ ಹಾಗೇ ಇತ್ತು: ಸೋಮವಾರದಿಂದ ಕಚೇರಿಗೆ ಬರುತ್ತೇನೆ. ಅದರ ಕೆಳಗೆ 'ಕಳುಹಿಸು' ಎಂಬ ನೀಲಿ ಗುಂಡಿ. ಬಾಣ ಮಾತ್ರ ಅದರಿಂದ ಒಂದು ಗೇಣು ದೂರದಲ್ಲಿ ಹಟ ಹಿಡಿದ ಕೂಸಿನಂತೆ ನಿಂತಿತ್ತು.

ಮೂರು ವರ್ಷದಿಂದ ಅವಳು ಒಂದು ಅಚ್ಚುಕೂಟಕ್ಕಾಗಿ ಮನೆಯಲ್ಲೇ ಕೂತು ಕರಡು ತಿದ್ದುತ್ತಿದ್ದಳು. ಈಗ ಕಚೇರಿಗೇ ಕರೆದಿದ್ದರು. ಅವಳದೇ ಮೇಜು, ಅವಳದೇ ಕಿಟಕಿ, ಕಾಯಂ ಕೆಲಸ. ಉತ್ತರ ಇವತ್ತು ಸಂಜೆಯೊಳಗೆ ಬೇಕು. ಇಷ್ಟು ದಿನ ತಡವಾದದ್ದು ಅಜ್ಜಿಯಿಂದ. ಮನೆಯಲ್ಲಿರುವವರು ಇಬ್ಬರೇ. ಹೋದ ತಿಂಗಳು ಒಲೆಯ ಮೇಲೆ ಹಾಲಿಟ್ಟ ಅಜ್ಜಿ ಪಾತ್ರೆ ಕರಟಿ ಹೋಗುವತನಕ ಪಕ್ಕದಲ್ಲೇ ಕೂತು, "ಯಾರ ಮನೆಯಿಂದ ಬರ್ತಿದೆಯೇ ಈ ವಾಸನೆ?" ಎಂದು ಕೇಳಿದ್ದಳು. ಹಾಲು ಮರೆಯದ ಮುದುಕಿ ಎಲ್ಲಿದ್ದಾಳೆ? ಸರಿಯೇ. ಆದರೆ ಪಕ್ಕದಲ್ಲೇ ಕೂತೂ ಮರೆಯುವವಳು? ಒಂದು ವಾರ ಅವಳ ಮನಸ್ಸು ಕಪಿಮುಷ್ಟಿಯಲ್ಲಿ ಸಿಕ್ಕಿದಂತಿತ್ತು. ಬೆಳಿಗ್ಗೆ ಅಜ್ಜಿಯೇ ಗದರಿದ್ದಳು: "ನಾನೇನು ತೊಟ್ಟಿಲ ಕೂಸೇನೇ, ಕನಸಮ್ಮಾ? ಬರ್ತೀನಿ ಅಂತ ಬರೆದು ಬಿಸಾಕು."

ಬರೆದಿದ್ದಳು. ಕಳುಹಿಸಲು ಮಾತ್ರ ಮನಸ್ಸು ಬಂದಿರಲಿಲ್ಲ. ದಿನದಂತೆ ಎರಡು ಗಂಟೆಗೆ ಅಚ್ಚುಕೂಟಕ್ಕೆ ಹೋಗಿ ಹಾಳೆ ಕೊಟ್ಟು ಮೂರಕ್ಕೆ ಬಂದರೆ, ಇದು. ಈ ತಿಂಗಳಲ್ಲಿ ನಾಲ್ಕನೆಯ ಸಲ. ಯಾವಾಗಲೂ ಎರಡರಿಂದ ಮೂರರ ನಡುವೆಯೇ. ಕೆಳಗಿನ ರಿಪೇರಿ ಅಂಗಡಿಯವನು ಒಳಗೆ ಒಯ್ದು ಕಣ್ಣು ಮಿಟುಕಿಸುವಷ್ಟರಲ್ಲಿ ತಂದರೆ ಬಾಣ ಜಿಂಕೆಮರಿಯ ಹಾಗೆ ಓಡುತ್ತಿತ್ತು. ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಮಾಯಾವಿಯ ಕೋಲು ಒಮ್ಮೆ ತಾಗಿದರೆ ರಾಜಕುಮಾರ ಕಲ್ಲಾಗುತ್ತಿದ್ದ, ಅದೇ ಕೋಲು ಇನ್ನೊಮ್ಮೆ ತಾಗಿದರೆ ಮನುಷ್ಯನಾಗುತ್ತಿದ್ದ. ಅವಳಿಗೆ ಅದಕ್ಕಿಂತ ಒಳ್ಳೆಯ ವಿವರಣೆ ಹೊಳೆದಿರಲಿಲ್ಲ.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು. ತುಟಿಯ ಮೂಲೆಯಲ್ಲಿ ಸದಾ ಒಂದು ತಿರುಪು ಕಚ್ಚಿಕೊಂಡೇ ಮಾತಾಡುವ ಅಂಗಡಿಯವನಿಗೆ ಬೀದಿಯೆಲ್ಲ ತಿರುಪಣ್ಣ ಎನ್ನುತ್ತಿತ್ತು.

"ಮತ್ತೆ ಬಂದ್ಯಾ?" ಅಂದ.

"ಅಣ್ಣಾ, ಇವತ್ತು ಒಳಗೆ ಒಯ್ಯೋ ಹಾಗಿಲ್ಲ. ನನ್ನ ಕಣ್ಣೆದುರಿಗೇ ಬಿಚ್ಚು."

"ಬಿಚ್ಚೋಕೆ ಏನಿದೆ ಅದ್ರಲ್ಲಿ?"

"ಹಾಗಾದ್ರೆ ಏನು ರೋಗ ಅಂತ ಹೇಳು. ನನಗಂತೂ ತಲೆ ಕೆಟ್ಟು ಕೆರ ಹಿಡಿದಿದೆ. ನಿನ್ನ ಅಂಗಡೀಲಿ ಓಡತ್ತೆ, ನಮ್ಮನೇಲಿ ಸಾಯತ್ತೆ. ನಮ್ಮನೇಲೇನು ದೆವ್ವ ಇದೆಯಾ?"

ಅವನು ತಿರುಪನ್ನು ಬಾಯಿಂದ ತೆಗೆದ. ಅದು ಅಪರೂಪ. "ಇದೆ. ಮೂವತ್ತೊಂದು ವರ್ಷ ಸರ್ವೀಸ್ ಮಾಡಿರೋ ದೆವ್ವ. ಹೇಳಬೇಡ ಅಂತ ಆಣೆ ಮಾಡಿಸ್ಕೊಂಡಿದ್ದಾರೆ ಕಣಮ್ಮಾ ನಿಮ್ಮಜ್ಜಿ. ಆದ್ರೆ ಎಷ್ಟು ಸಲ ಅಂತ ನಾಟಕ ಆಡ್ಲಿ?"

ಅಜ್ಜಿ ಒಂದು ಕಾಲದಲ್ಲಿ ಸರ್ಕಾರಿ ಕಚೇರಿಯ ಟೈಪಿಸ್ಟ್. ತಿಂಗಳ ಹಿಂದೆ ಒಂದು ಮಧ್ಯಾಹ್ನ ಈ ಲ್ಯಾಪ್‌ಟಾಪ್ ಹೊತ್ತುಕೊಂಡು ಅವನ ಅಂಗಡಿಗೆ ಬಂದಿದ್ದಳಂತೆ. ಮೊಮ್ಮಗಳಿಲ್ಲದ ಹೊತ್ತಿನಲ್ಲಿ ದಿನಾ ಒಂದು ಸಾಲು ಟೈಪು ಮಾಡಿ ನೋಡುತ್ತೇನೆ, ಇಲ್ಲಿ ಒತ್ತಿದ ಅಕ್ಷರ ಇನ್ನೆಲ್ಲೋ ಹೋಗಿ ಬೀಳುತ್ತದೆ, ಕೆಟ್ಟಿರುವುದು ಯಂತ್ರವೋ ನನ್ನ ತಲೆಯೋ ಮುಚ್ಚುಮರೆಯಿಲ್ಲದೆ ಹೇಳಿಬಿಡು ಎಂದಿದ್ದಳಂತೆ.

"ಕಣ್ಣಲ್ಲಿ ನೀರು ಅವರಿಗೆ. ಟೈಪ್ ಮಾಡಿ ಅಂದೆ. ನೋಡಿದ್ರೆ, ಮುಂಗೈ ಸೋತು ಅಂಗೈ ಟಚ್‌ಪ್ಯಾಡಿಗೆ ತಾಗ್ತಿದೆ. ತಾಗಿದಾಗೆಲ್ಲ ಬರೆಯೋ ಜಾಗ ಎಗರಿಹೋಗತ್ತೆ. ಅಷ್ಟೇ. ಮೇಲಿನ ಸಾಲಿನ ಈ ಬಟನ್ ತೋರಿಸಿದೆ. ಒಂದ್ಸಲ ಒತ್ತಿದ್ರೆ ಟಚ್‌ಪ್ಯಾಡ್ ಆಫ್, ಮುಗಿದ ಮೇಲೆ ಇನ್ನೊಂದ್ಸಲ ಒತ್ತಿದ್ರೆ ಆನ್." ಅವನು ಒತ್ತಿದ. ಬಾಣ ಓಡಿತು. "ಅವತ್ತು ಅವರು ಕುಣಿಯೋದೊಂದು ಬಾಕಿ. ನನ್ನ ತಲೆ ಗಟ್ಟಿಯಾಗಿದೆ ಕಣಪ್ಪಾ ಅಂತ ಮೂರು ಸಲ ಹೇಳಿದ್ರು."

ಅವಳು ನಗುತ್ತಲೇ ಮೆಟ್ಟಿಲು ಹತ್ತಿದಳು. ಇಷ್ಟೇನಾ! ಸೋತದ್ದು ಮುಂಗೈ, ತಲೆಯಲ್ಲ. ಮೊದಲನೆಯ ಮಹಡಿಯ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ಮುಗಿದ ಮೇಲೆ ಇನ್ನೊಂದು ಸಲ. ಹಾಗಾದರೆ ನಾಲ್ಕು ಸಲ ಅದು ಆಫ್ ಆಗಿಯೇ ಉಳಿದದ್ದು? ನಾಲ್ಕು ಸಲ ಮರೆಯುವುದು ಹೆಚ್ಚೋ, ಉಳಿದ ದಿನಗಳಲ್ಲಿ ನೆನಪಿಟ್ಟದ್ದು ಹೆಚ್ಚೋ? ಪರರ ಬರಹದಲ್ಲಿ ಒಂದು ಕೊಂಬು ತಪ್ಪಿದರೂ ಹಿಡಿಯುವ ಅವಳಿಗೆ ಈ ಲೆಕ್ಕ ಹತ್ತಲಿಲ್ಲ.

ಅಜ್ಜಿ ಬಾಗಿಲಲ್ಲೇ ಕಾದಿದ್ದಳು. ಮೊಮ್ಮಗಳ ಮುಖ ನೋಡಿದ್ದೇ, "ಆ ತಿರುಪಿನವನು ಬಾಯಿ ಬಿಟ್ಟ ತಾನೆ?" ಎಂದಳು.

"ಬಿಟ್ಟ. ನನ್ನ ಹತ್ರ ಯಾಕಜ್ಜಿ ಮುಚ್ಚಿಟ್ಟೆ?"

"ನೀನು ಹೆದರ್ತೀಯಾ ಅಂತ. ಅಲ್ಲ, ನಾನೇ ಹೆದರಿದ್ದೆ ಬಿಡು." ಅಜ್ಜಿ ಕುರ್ಚಿ ಎಳೆದು ಕೂತಳು. "ಇತ್ತ ತಾ. ನಿನ್ನ ಕಣ್ಣಿಂದಲೇ ಪರೀಕ್ಷೆ ಮಾಡು. ತಪ್ಪು ಸಿಕ್ಕಿದ್ರೆ ಸೋಮವಾರ ಹೋಗಬೇಡ."

ಅಜ್ಜಿ ಪತ್ರದ ಮೇಲೆ ತನ್ನ ಖಾಲಿ ಪುಟವನ್ನು ತೆರೆದು, ಮೇಲಿನ ಸಾಲಿನ ಕೀಲಿಯನ್ನು ಗಂಭೀರವಾಗಿ ಒಮ್ಮೆ ಒತ್ತಿದಳು. ಬೆನ್ನು ನೆಟ್ಟಗಾಯಿತು. ಆಮೇಲೆ ಆ ಗಂಟುಬೆರಳುಗಳಿಗೆ ಎಲ್ಲಿಂದಲೋ ಪ್ರಾಯ ಬಂತು. *ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ.* ಪರದೆಯತ್ತ ತಿರುಗಿಯೂ ನೋಡಲಿಲ್ಲ. ಮೊಮ್ಮಗಳು ಅಕ್ಷರಕ್ಕಕ್ಷರ ಓದಿದಳು. ಒತ್ತು ತಪ್ಪಿರಲಿಲ್ಲ, ಸೊನ್ನೆ ಬಿಟ್ಟಿರಲಿಲ್ಲ.

"ತರುವುದೇನು ಅಂತ ಬರೀಲೇ ಇಲ್ವಲ್ಲೇ ಅಜ್ಜಿ?"

"ಅದು ಸಾಹೇಬರಿಗೆ ಸೇರಿದ್ದು. ನಂದು ಇಲ್ಲಿವರೆಗೆ." ಅಜ್ಜಿ ಕಿಲಕಿಲ ನಕ್ಕಳು. ಎರಡು ಕೀಲಿ ಒಟ್ಟಿಗೆ ಒತ್ತಿ ಪುಟ ಮುಚ್ಚಿದಳು. ಹಿಂದಿದ್ದ ಪತ್ರ ಕಾಣಿಸಿತು. ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟು, "ತಗೋ. ಮತ್ತೆ ಆನ್ ಮಾಡಿಟ್ಟಿದ್ದೀನಿ" ಎಂದಳು.

ಅವಳು ಆ ಕೈಗಳನ್ನು ನೋಡಿದಳು.

"ದಿನಾನೂ ಮಾಡ್ತೀನಿ. ಒಂದು ದಿನವೂ ಮರೆತಿಲ್ಲ. ಅದೊಂದು ಮರೆತರೆ ನಿನ್ನ ಕೆಲಸ ಕೆಡತ್ತೆ ಅಂತ ನಂಗೊತ್ತಿಲ್ವಾ?" ಅಜ್ಜಿಯ ಕಣ್ಣು ಹೊಳೆಯುತ್ತಿತ್ತು. "ಅದು ಪದೇ ಪದೇ ಯಾಕೆ ಕೆಡತ್ತೋ. ಆ ತಿರುಪಿನವನಿಗೆ ಸರಿಯಾಗಿ ರಿಪೇರಿ ಬರಲ್ಲ. ಹೂಂ, ಕಳಿಸು. ನಾನೂ ನೋಡ್ತೀನಿ."

ಅವಳು ತೋರುಬೆರಳನ್ನು ಟಚ್‌ಪ್ಯಾಡಿನ ಮೇಲಿಟ್ಟು ಮೆಲ್ಲಗೆ ಬಲಕ್ಕೆ ಎಳೆದಳು. ಅಜ್ಜಿ ಕನ್ನಡಕ ಹಣೆಗೇರಿಸಿಕೊಂಡು ಹತ್ತಿರ ಬಾಗಿದಳು.

"ಓಡ್ತಿದೆ ತಾನೆ?"

"ಓಡ್ತಿದೆ, ಅಜ್ಜಿ."

ನೀಲಿ ಗುಂಡಿ ಅಲ್ಲೇ ಇತ್ತು. ಅದರಿಂದ ಗೇಣು ದೂರದಲ್ಲಿ ಬಾಣ ನಿಂತಿತ್ತು. ಮೇಲಿನ ಸಾಲಿನ ಕೀಲಿ ಅವಳ ಎಡಗೈಯ ಕಿರುಬೆರಳಿಗೆ ಎಟುಕುವಂತಿತ್ತು. ಅವಳು ತೋರುಬೆರಳನ್ನು ಎತ್ತಲಿಲ್ಲ; ಆ ನುಣ್ಣನೆಯ ಚೌಕದ ಮೇಲೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಎಳೆಯುತ್ತಲೇ ಇದ್ದಳು.